ಹಿಟ್ಟಿನ ಹುಂಜ ಮತ್ತು ತೆರೆಯ ಜೀವಿ

೧೯೯೬ರಲ್ಲಿ ಜಪಾನಿನಲ್ಲಿ ಹೊರಬಂದ ಪೋಕೆಮಾನ್ ಎಂಬ ವಿಡಿಯೋ ಆಟದಲ್ಲಿ ೧೫೧ ಕಲ್ಪಿತ ಜೀವಿಗಳಿದ್ದವು. ಆಟಗಾರನು ಅವುಗಳನ್ನು ಚೆಂಡಿನೊಳಗೆ ಹಿಡಿದು, ಪಳಗಿಸಿ, ಪರಸ್ಪರ ಕಾದಾಡಿಸುತ್ತಾನೆ. ನಿರ್ಮಾತೃ ಸತೋಶಿ ತಾಜಿರಿಯವರಿಗೆ ಬಾಲ್ಯದ ಕೀಟಸಂಗ್ರಹದ ಹವ್ಯಾಸವೇ ಇದಕ್ಕೆ ಪ್ರೇರಣೆ.

ಇದು ಸ್ನೇಹವೋ ಸೆರೆಯೋ ಎಂಬಲ್ಲಿ ಅಭಿಮಾನಿಗಳೊಳಗೇ ಮತಭೇದವಿದೆ. ಸೋತ ಜೀವಿ ಸಾಯುವುದಿಲ್ಲ, ಮೂರ್ಛೆ ಹೋಗಿ ಚೇತರಿಸಿಕೊಳ್ಳುತ್ತದೆ ಎಂಬುದು ಒಂದು ಪಕ್ಷದ ಸಮಾಧಾನ. ಹಿಡಿದು ಕಾದಾಡಿಸುವುದೇ ದೋಷವಲ್ಲವೇ ಎಂಬುದು ಮತ್ತೊಂದು ಪಕ್ಷದ ಪ್ರಶ್ನೆ. ೨೦೧೦ರ ಆವೃತ್ತಿಯ ಕಥೆಯಲ್ಲಿ ಎನ್ ಎಂಬ ಪಾತ್ರವು ಇದೇ ಪ್ರಶ್ನೆಯನ್ನೆತ್ತಿ ಜೀವಿಗಳ ಬಿಡುಗಡೆಯನ್ನು ಬಯಸುತ್ತದೆ.

ತೆರೆಯ ಚಿತ್ರಕ್ಕೆ ಪ್ರಾಣವಿಲ್ಲ, ದ್ರವ್ಯಹಿಂಸೆ ಇಲ್ಲಿಲ್ಲ. ಆದರೆ ಜನ್ನನ ಯಶೋಧರ ಚರಿತೆಯ ಹುಂಜವೂ ಹಿಟ್ಟಿನದೇ. ಕೊಲ್ಲುವ ಸಂಕಲ್ಪವೇ ಯಶೋಧರನನ್ನು ಹಲವು ಜನ್ಮಗಳಲ್ಲಿ ಅಲೆಸಿತು. ಹಾಗೆಂದು ಆಡುವ ಮಗುವನ್ನು ಅವನೊಡನೆ ಸಮೀಕರಿಸುವುದು ನ್ಯಾಯವಲ್ಲ. ಮಗುವಿನಲ್ಲಿ ಕೊಲ್ಲುವ ಸಂಕಲ್ಪವಿಲ್ಲ. ಪರೀಕ್ಷಿಸಬೇಕಾದದ್ದು ಎಲ್ಲವೂ ತನ್ನದಾಗಬೇಕೆಂಬ ಭಾವವನ್ನು. ಜೈನಶಾಸ್ತ್ರದಲ್ಲಿ ಪರಿಗ್ರಹದ ಲಕ್ಷಣವೂ ಮೂರ್ಛೆಯೇ, ಅಂದರೆ ಮಮತ್ವ. ತೆರೆಯ ಜೀವಿಯ ಮೂರ್ಛೆ ಕೂಡಲೇ ಕಾಣುತ್ತದೆ. ಆಟಗಾರನ ಮೂರ್ಛೆ ಕಾಣುವುದು, ಆಟ ಸಾಕೆಂದು ತಾಯಿ ಕರೆದಾಗ. ಆಟವನ್ನು ನಿಷೇಧಿಸುವುದಕ್ಕಿಂತ ಆ ಗಳಿಗೆಯಲ್ಲಿ ಮಗುವಿನ ಮನಸ್ಸನ್ನು ಗಮನಿಸಿ ತಿಳಿಹೇಳುವುದೇ ಹಿರಿಯರಿಗೆ ಶ್ರೇಯಸ್ಕರ.