ಸ್ಪರ್ಶದ ಪ್ರಾಮಾಣ್ಯ

ಟಚ್‌ಸ್ಕ್ರೀನಿಗೆ ಬೆರಳು ನೇರವಾಗಿ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು ವಿದ್ಯುತ್ ಧಾರಕತೆಯಲ್ಲಾದ ಒಂದು ಸಣ್ಣ ಏರುಪೇರು ಮಾತ್ರ. ಆ ಏರುಪೇರು ಬೆರಳಿನಿಂದ ಆಯಿತೋ, ಸುತ್ತಲಿನ ವಿದ್ಯುತ್ಕಾಂತೀಯ ಗದ್ದಲದಿಂದ ಆಯಿತೋ ಎಂದು ವಿಂಗಡಿಸುವುದು ಎಂಜಿನಿಯರಿಂಗಿನ ಕೆಲಸ. ಆದರೆ ಅದರೊಳಗೆ ಇರುವುದು ಭಾರತೀಯ ದರ್ಶನಗಳು ಪ್ರಾಮಾಣ್ಯದ ಹೆಸರಿನಲ್ಲಿ ಶತಮಾನಗಳ ಕಾಲ ವಾದಿಸಿದ ಪ್ರಶ್ನೆಯೇ: ಜ್ಞಾನವೊಂದು ನಿಜವೆಂದು ಗೊತ್ತಾಗುವುದು ಅದರಿಂದಲೇ ಸ್ವತಃವೋ, ಬೇರೊಂದು ಪರೀಕ್ಷೆಯಿಂದ ಪರತಃವೋ?

ಧಾರಕತೆಯನ್ನು ಅಳೆದು ಸ್ಪರ್ಶವನ್ನು ಗುರುತಿಸುವ ಪರದೆಯ ವಿವರಣೆಯನ್ನು ಬ್ರಿಟನ್ನಿನ ಎಂಜಿನಿಯರ್ ಇ. ಎ. ಜಾನ್ಸನ್ 1965ರಲ್ಲಿ ಪ್ರಕಟಿಸಿದರು. ಇಂದಿನ ಫೋನುಗಳಲ್ಲಿ ಗಾಜಿನ ಕೆಳಗೆ ಪಾರದರ್ಶಕ ವಾಹಕದ ಎಳೆಗಳು ಅಡ್ಡಡ್ಡ, ಉದ್ದುದ್ದ ಹರಡಿರುತ್ತವೆ. ಇದಕ್ಕೆ ಹೆಚ್ಚಾಗಿ ಬಳಸುವುದು ಇಂಡಿಯಂ ಟಿನ್ ಆಕ್ಸೈಡ್. ಒಂದು ಸಾಲಿನ ಎಳೆಗಳು ಸಂಕೇತ ಕಳಿಸುತ್ತವೆ, ಇನ್ನೊಂದು ಸಾಲಿನವು ಅದನ್ನು ಪಡೆಯುತ್ತವೆ. ಬೆರಳು ಹತ್ತಿರ ಬಂದಾಗ ಅವುಗಳ ನಡುವಿನ ವಿದ್ಯುತ್ ಕ್ಷೇತ್ರದ ಒಂದಂಶವನ್ನು ಅದು ಸೆಳೆದುಕೊಳ್ಳುವುದರಿಂದ ಧಾರಕತೆ ಒಂದು ಪಿಕೋಫ್ಯಾರಡ್‌ಗಿಂತಲೂ ಕಡಿಮೆ ಪ್ರಮಾಣದಲ್ಲಿ ಇಳಿಯುತ್ತದೆ. ಯಾರೂ ಮುಟ್ಟದಿದ್ದಾಗಿನ ಅಳತೆಯನ್ನು ನಿಯಂತ್ರಕ ಚಿಪ್ ನೆನಪಿಟ್ಟುಕೊಂಡಿರುತ್ತದೆ. ಅದಕ್ಕೂ ಈಗಿನ ಅಳತೆಗೂ ಇರುವ ಅಂತರ ಗೊತ್ತುಪಡಿಸಿದ ಮಿತಿ ದಾಟಿದರೆ ‘ಇಲ್ಲಿ ಸ್ಪರ್ಶವಿದೆ’ ಎಂದು ತೀರ್ಮಾನಿಸುತ್ತದೆ.

ಈ ಅಂತರ ಎಷ್ಟು ಸಣ್ಣದೆಂದರೆ, ಗದ್ದಲ ಸುಲಭವಾಗಿ ಅದರ ವೇಷ ಧರಿಸಬಲ್ಲದು. ಎಳೆಗಳ ಕೆಳಗೇ ಚಿತ್ರ ಮೂಡಿಸುವ ಪದರವಿದ್ದು, ಅದರ ವೋಲ್ಟೇಜ್ ಸದಾ ಏರಿಳಿಯುತ್ತಿರುತ್ತದೆ. ಇದಕ್ಕಿಂತ ಕುತೂಹಲಕರವಾದದ್ದು ಚಾರ್ಜರ್‌ನ ಗದ್ದಲ. ಕಳಪೆ ಚಾರ್ಜರ್‌ಗೆ ಸಿಕ್ಕಿಸಿದಾಗ ಇಡೀ ಫೋನಿನ ವೋಲ್ಟೇಜ್ ಭೂಮಿಗೆ ಹೋಲಿಸಿದರೆ ತೂಗಾಡುತ್ತಿರುತ್ತದೆ. ಯಾರೂ ಮುಟ್ಟದಿದ್ದರೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಮುಟ್ಟಿದೊಡನೆ ದೇಹದ ಮೂಲಕ ಗದ್ದಲಕ್ಕೆ ದಾರಿ ತೆರೆಯುತ್ತದೆ. ಬೆರಳು ತಾಗಿದ ಪಡೆಯುವ ಎಳೆಯ ಮೇಲೆಲ್ಲ ಅದು ಹರಡಿ, ಅದೇ ಸಾಲಿನ ಬೇರೆ ಜಾಗದಲ್ಲಿ ಇಲ್ಲದ ಬೆರಳೊಂದು ಕಾಣಿಸಿಕೊಳ್ಳುತ್ತದೆ. ಇಲ್ಲಿ ಸುಳ್ಳು ಸ್ಪರ್ಶಕ್ಕೆ ಕಾರಣವಾದದ್ದು ನಿಜವಾದ ಸ್ಪರ್ಶವೇ.

ಗೌತಮನ ನ್ಯಾಯಸೂತ್ರ ಪ್ರತ್ಯಕ್ಷವನ್ನು ಇಂದ್ರಿಯ ಮತ್ತು ವಿಷಯಗಳ ಸನ್ನಿಕರ್ಷದಿಂದ ಹುಟ್ಟುವ ಜ್ಞಾನವೆಂದು ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ಆ ಜ್ಞಾನ ಅವ್ಯಭಿಚಾರಿಯಾಗಿರಬೇಕು, ಅಂದರೆ ವಿಷಯವನ್ನು ಬಿಟ್ಟು ಜಾರಬಾರದು ಎಂದೂ ಸೇರಿಸುತ್ತದೆ. ಸಂಪರ್ಕವೊಂದರಿಂದಲೇ ಸತ್ಯಕ್ಕೆ ಖಾತರಿಯಿಲ್ಲವೆಂಬ ಈ ಎಚ್ಚರ ಎಷ್ಟು ಅಗತ್ಯವೆಂಬುದನ್ನು ಚಾರ್ಜರ್‌ನ ಉದಾಹರಣೆ ತೋರಿಸುತ್ತದೆ. ಕಪ್ಪೆಚಿಪ್ಪಿನಲ್ಲಿ ಬೆಳ್ಳಿ ಕಾಣುವ ಭ್ರಮೆಯನ್ನು ನೈಯಾಯಿಕರು ಒಂದನ್ನು ಇನ್ನೊಂದಾಗಿ ತಿಳಿಯುವುದೆಂದು ವಿವರಿಸಿದರೆ, ಪ್ರಾಭಾಕರ ಮೀಮಾಂಸಕರು ಕಂಡದ್ದಕ್ಕೂ ನೆನಪಿಗೂ ಇರುವ ಭೇದ ಹೊಳೆಯದಿರುವುದೆಂದರು. ಪರದೆಯ ತಪ್ಪಿಗೆ ಎರಡನೆಯ ವಿವರಣೆ ಹೆಚ್ಚು ಹೊಂದುತ್ತದೆ. ಅಳತೆಯಲ್ಲಾದ ಬದಲಾವಣೆ ನಿಜ, ನೆನಪಿಟ್ಟ ಅಳತೆಯೂ ನಿಜ; ಸಿಗದೆ ಹೋದದ್ದು ಬೆರಳಿಗೂ ಗದ್ದಲಕ್ಕೂ ಇರುವ ಭೇದ.

ಆದ್ದರಿಂದ ಗದ್ದಲ ತಗ್ಗಿಸುವ ಉಪಾಯಗಳಲ್ಲಿ ಬಹುಪಾಲು ಆ ಭೇದವನ್ನು ಎತ್ತಿ ತೋರಿಸುವ ಉಪಾಯಗಳೇ. ಚಿತ್ರ ಮೂಡಿಸುವ ಪದರಕ್ಕೂ ಎಳೆಗಳಿಗೂ ನಡುವೆ ರಕ್ಷಾಪದರ ಹಾಕಬಹುದು. ಅದರಿಂದ ದಪ್ಪವೂ ಖರ್ಚೂ ಹೆಚ್ಚುತ್ತವೆ. ಚಿತ್ರ ಬದಲಾಗುವ ನಡುವಿನ ವಿರಾಮದಲ್ಲೇ ಅಳತೆ ತೆಗೆದುಕೊಳ್ಳಬಹುದು. ಅಕ್ಕಪಕ್ಕದ ಎರಡು ಎಳೆಗಳ ಅಳತೆಗಳನ್ನು ಒಂದರಿಂದೊಂದು ಕಳೆದರೆ ಎರಡರಲ್ಲೂ ಸಮಾನವಾಗಿದ್ದ ಗದ್ದಲ ಬಿದ್ದುಹೋಗುತ್ತದೆ. ಕೆಲವು ನಿಯಂತ್ರಕಗಳು ಸಂಕೇತ ಕಳಿಸುವುದನ್ನು ನಿಲ್ಲಿಸಿ ಬರೀ ಆಲಿಸುತ್ತವೆ. ಆಗಲೂ ಏನಾದರೂ ಕೇಳಿಸಿದರೆ ಅದು ಗದ್ದಲವೇ ಎಂದು ತಿಳಿದು, ಗದ್ದಲ ಕಡಿಮೆಯಿರುವ ಬೇರೆ ಆವೃತ್ತಿಗೆ ಸಂಕೇತವನ್ನು ಬದಲಾಯಿಸುತ್ತವೆ. ಬೆರಳಿನ ಗುರುತು ಅಕ್ಕಪಕ್ಕದ ಕೆಲವು ಬಿಂದುಗಳಲ್ಲಿ ಗುಂಡಗೆ ಹರಡಿರುತ್ತದೆ, ಚಾರ್ಜರ್ ಗದ್ದಲ ಎಳೆಯುದ್ದಕ್ಕೂ ಸಾಗುತ್ತದೆ. ಈ ಆಕಾರವನ್ನೂ ಚಿಪ್ ಪರಿಶೀಲಿಸುತ್ತದೆ.

ಈ ಉಪಾಯಗಳಲ್ಲಿ ಎರಡು ದರ್ಶನಗಳ ನಿಲುವುಗಳೂ ಕಾಣುತ್ತವೆ. ಮೀಮಾಂಸಕ ಕುಮಾರಿಲ ಭಟ್ಟನ ಪ್ರಕಾರ ಜ್ಞಾನ ಸ್ವತಃ ಪ್ರಮಾಣ. ಅದನ್ನು ಅಲ್ಲಗಳೆಯುವ ಬೇರೆ ಜ್ಞಾನ ಬಂದಾಗ, ಇಲ್ಲವೇ ಅದರ ಕಾರಣದಲ್ಲಿ ದೋಷವಿದೆಯೆಂದು ತಿಳಿದಾಗ ಮಾತ್ರ ಅದನ್ನು ಕೈಬಿಡಬೇಕು. ಸಂಕೇತ ನಿಲ್ಲಿಸಿ ಆಲಿಸುವುದು ಇಂಥ ಕಾರಣದೋಷದ ಹುಡುಕಾಟ. ನೈಯಾಯಿಕರಿಗೆ ಪ್ರಾಮಾಣ್ಯ ತಿಳಿಯುವುದು ಪರತಃ: ಆ ಜ್ಞಾನವನ್ನು ನಂಬಿ ಮಾಡಿದ ಕೆಲಸ ಫಲಿಸಿದಾಗ, ಅಥವಾ ಹಿಂದೆ ಫಲಿಸಿದ ಜ್ಞಾನದ ಜಾತಿಗೇ ಇದೂ ಸೇರಿದೆಯೆಂದು ಕಂಡಾಗ. ಆಕಾರದ ಪರಿಶೀಲನೆ ಈ ಎರಡನೆಯ ಬಗೆಯದು.

ಪ್ರತಿ ಜ್ಞಾನಕ್ಕೂ ಪರೀಕ್ಷೆ ಬೇಕಾದರೆ, ಆ ಪರೀಕ್ಷೆಗೂ ಇನ್ನೊಂದು ಪರೀಕ್ಷೆ ಬೇಕಾಗಿ ಕೊನೆಯೇ ಇಲ್ಲದ ಅನವಸ್ಥೆ ಬರುತ್ತದೆ ಎಂಬುದು ಪರತಃಪಕ್ಷಕ್ಕೆ ಎದುರಾಗುವ ಆಕ್ಷೇಪ. ಉಡುಪಿಯ ಮಧ್ವಾಚಾರ್ಯರು ಹದಿಮೂರನೆಯ ಶತಮಾನದಲ್ಲಿ ಇದಕ್ಕೆ ಸಾಕ್ಷಿಯನ್ನು ಉತ್ತರವಾಗಿ ಕೊಟ್ಟರು. ಮನಸ್ಸು ತಪ್ಪಬಹುದು, ಸಂದೇಹ ಬಂದಾಗ ಪರೀಕ್ಷೆಯೂ ಬೇಕು. ಆದರೆ ಪರೀಕ್ಷೆಯ ಸರಣಿ ಜೀವಾತ್ಮನ ಸ್ವರೂಪವೇ ಆದ, ತಪ್ಪದ ಸಾಕ್ಷಿಯಲ್ಲಿ ಕೊನೆಗೊಳ್ಳುತ್ತದೆ. ಯಂತ್ರಕ್ಕೆ ಸಾಕ್ಷಿಯಿಲ್ಲ. ಅದರ ಪರೀಕ್ಷೆಗಳು ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡುವವರು ಅದನ್ನು ರೂಪಿಸಿದ ಮನುಷ್ಯರು.

ಹಾಗಾಗಿ ಮಿತಿ ಗೊತ್ತುಮಾಡುವುದು ಬರೀ ಲೆಕ್ಕದ ವಿಷಯವಲ್ಲ. ಮಿತಿ ಏರಿಸಿದರೆ ಸುಳ್ಳು ಸ್ಪರ್ಶ ಕಡಿಮೆಯಾಗುತ್ತದೆ, ಆದರೆ ಕೈಗವಸು ತೊಟ್ಟ ಬೆರಳಿನ ನಿಜವಾದ ಸ್ಪರ್ಶವೂ ಲೆಕ್ಕಕ್ಕೆ ಬಾರದೆ ಹೋಗಬಹುದು. ಮಿತಿ ಇಳಿಸಿದರೆ ಆ ಬೆರಳಿನ ಜೊತೆಗೆ ಗದ್ದಲವೂ ಒಳಗೆ ಬರುತ್ತದೆ. ಹಲವು ಸಲ ಅಳೆದು ಸರಾಸರಿ ತೆಗೆದರೆ ಖಚಿತತೆ ಹೆಚ್ಚುತ್ತದೆ, ಉತ್ತರ ತಡವಾಗುತ್ತದೆ. ಆಟದಲ್ಲಿ ಒಂದು ಸುಳ್ಳು ಸ್ಪರ್ಶ ಅಲ್ಪ ನಷ್ಟ. ರೋಗಿಗೆ ಔಷಧಿ ಹರಿಸುವ ಯಂತ್ರದಲ್ಲಿ ಅದು ಪ್ರಾಣಕ್ಕೆ ಕುತ್ತು. ಅಂಥಲ್ಲಿ ಸ್ಪರ್ಶ ಎಷ್ಟೇ ಸ್ಪಷ್ಟವಾಗಿದ್ದರೂ ಇನ್ನೊಮ್ಮೆ ಒಪ್ಪಿಗೆ ಕೇಳುವುದು ಯುಕ್ತ.

ಸ್ವತಃ ಮತ್ತು ಪರತಃ ಎಂಬ ಎರಡು ಪಕ್ಷಗಳಲ್ಲಿ ಒಂದನ್ನೇ ಹಿಡಿದು ಪರದೆ ನಡೆಯಲಾರದು. ಕಂಡದ್ದನ್ನು ನಂಬದೆ ಅದು ಕೆಲಸ ಆರಂಭಿಸಲಾರದು, ಪರೀಕ್ಷಿಸದೆ ಅದನ್ನು ನೆಚ್ಚಲು ಬಾರದು. ಎಷ್ಟು ಪರೀಕ್ಷೆ ಸಾಕೆಂಬುದನ್ನು ತಪ್ಪಿನಿಂದಾಗುವ ಹಾನಿಯೇ ನಿರ್ಧರಿಸಬೇಕು, ಆ ಹಾನಿಯನ್ನು ಅಳೆಯುವ ಹೊಣೆ ಯಂತ್ರವನ್ನು ಮಾಡಿದವರದೇ.