ನೋಟವೂ ಭೋಗವೇ?

ಪೆಸಿಫಿಕ್ ಮಹಾಸಾಗರದಲ್ಲಿ ಪಲಾವ್ ಎಂಬ ದ್ವೀಪರಾಷ್ಟ್ರವೊಂದುಂಟು. ಅಲ್ಲಿಗೆ ಹೋದ ವಿಹಾರಾರ್ಥಿಯು ಗಾಜಿನ ಮುಖವಾಡವನ್ನು ಧರಿಸಿ, ಸ್ನಾರ್ಕೆಲ್ ಎಂಬ ಉಸಿರಿನ ಕೊಳವೆಯನ್ನು ಬಾಯಲ್ಲಿ ಕಚ್ಚಿ, ನೀರಿನ ಮೇಲೆ ಬೋರಲಾಗಿ ತೇಲುತ್ತ, ಕೆಳಗಣ ಹವಳದ ದಿಬ್ಬಗಳನ್ನೂ ಬಣ್ಣಬಣ್ಣದ ಮೀನುಗಳನ್ನೂ ನೋಡುವನು. ಬಲೆಯಿಲ್ಲ, ಗಾಳವಿಲ್ಲ. ಮುಂಡಕೋಪನಿಷತ್ತಿನ ಎರಡು ಹಕ್ಕಿಗಳಲ್ಲಿ ಹಣ್ಣನ್ನು ತಿನ್ನದೆ ಸುಮ್ಮನೆ ನೋಡುತ್ತಿರುವ ಹಕ್ಕಿಯಂತೆ ಇವನೂ ಕೇವಲ ಸಾಕ್ಷಿಯಲ್ಲವೆ? ನೋಟದಿಂದ ಯಾರಿಗೇನು ನಷ್ಟ?

ನಾನೂ ಹಾಗೆಯೇ ಎಣಿಸಿದ್ದೆನು. ಆದರೆ ಆ ಹಕ್ಕಿಯು ಪರಮಾತ್ಮನು. ಅದಕ್ಕೆ ದೇಹದ ಉಪಾಧಿಯಿಲ್ಲ. ನಮ್ಮ ವಿಹಾರಾರ್ಥಿಗೆ ದೇಹವುಂಟು, ದೇಹಕ್ಕೆ ಬಿಸಿಲಿನ ಭಯವುಂಟು, ಭಯಕ್ಕೆ ಲೇಪನವುಂಟು. ಅಂಥ ಲೇಪನಗಳಲ್ಲಿರುವ ಆಕ್ಸಿಬೆಂಜೋನ್ ಮೊದಲಾದ ದ್ರವ್ಯಗಳು ಎಳೆಯ ಹವಳಕ್ಕೆ ವಿಷವಾಗಬಲ್ಲವೆಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಪಲಾವ್ 2020ರ ಜನವರಿ 1ರಿಂದ ಅವನ್ನು ನಿಷೇಧಿಸಿತು. ಕಾಲಿಗೆ ತೊಟ್ಟ ಈಜುರೆಕ್ಕೆಯ ಒಂದು ಒದೆತವೋ, ಹಲವು ವರ್ಷ ಬೆಳೆದ ಕವಲನ್ನು ಕ್ಷಣದಲ್ಲಿ ಮುರಿಯುವುದು. ಕಡಲು ಕಾಯುತ್ತಿರುವುದರಿಂದ ಹವಳಕ್ಕೊದಗಿದ ಕೇಡಿನ ಮುಂದೆ ಇವೆಲ್ಲ ಅಲ್ಪವೆಂಬುದು ನಿಜವೇ. ದೊಡ್ಡ ಸಾಲಗಾರನೊಬ್ಬನು ಇರುವನೆಂದು ಚಿಕ್ಕವನ ಸಾಲವು ತೀರಿತೆ?

2017ರಿಂದ ಆ ನಾಡಿಗೆ ಬರುವ ಅತಿಥಿಯು ತನ್ನ ಪಾಸ್‌ಪೋರ್ಟಿನಲ್ಲಿ ಒತ್ತಿದ ಪ್ರತಿಜ್ಞೆಯೊಂದಕ್ಕೆ ರುಜು ಹಾಕಬೇಕು. ಪ್ರತಿಜ್ಞೆಯು ಸರಕಾರಕ್ಕಲ್ಲ, ಅಲ್ಲಿಯ ಮಕ್ಕಳಿಗೆ. ಪ್ರವೇಶದ ಆಸೆಯಿಂದ ಹಾಕಿದ ರುಜು ಪ್ರತಿಜ್ಞೆಯಾದೀತೆ ಎಂದು ತಾರ್ಕಿಕರು ಕೇಳಬಹುದು. ಮದುವೆಯ ಮಂಟಪದಲ್ಲಿ ವರನೂ ಪುರೋಹಿತನು ಹೇಳಿಕೊಟ್ಟ ಮಾತನ್ನೇ ಉಚ್ಚರಿಸುವನು. ಅದರಿಂದ ವಿವಾಹವು ಅಸಿದ್ಧವೆಂದು ವಾದಿಸಿದವರನ್ನು ನಾನು ಕಂಡಿಲ್ಲ.