ಸಖ್ಯವು ಸಡಿಲಿದಾಗ


ಕಾಲೇಜಿನಿಂದ ರಜೆಗೆ ಬಂದ ಮಗನು ಮೌನವಾಗಿದ್ದರೆ ಅಂಕಗಳನ್ನಷ್ಟೇ ವಿಚಾರಿಸಬೇಡಿರಿ. ಬಾಲ್ಯದ ಗೆಳೆಯರು ದೂರವಾಗಿರಬಹುದು, ವಸತಿಗೃಹದಲ್ಲಿ ಯಾರೋ ನಗುತ್ತ “ನಿಮ್ಮದು ಯಾವ ಪೈಕಿ?” ಎಂದು ಕೇಳಿ, ಉತ್ತರ ತಿಳಿದೊಡನೆ ತಟ್ಟೆಯನ್ನು ಸರಿಸಿಕೊಂಡಿರಬಹುದು.

ಇವೆರಡೂ ಒಂದೇ ನೋವಲ್ಲ. ಕಾಲದೇಶಗಳ ಅಂತರದಿಂದ ಸಡಿಲಿದ ಸಖ್ಯವು ದ್ರೋಹವಲ್ಲ. ಅದನ್ನು ಕಹಿಯಿಲ್ಲದೆ ಬೀಳ್ಕೊಡಬೇಕು. ಕುಲವನ್ನು ಕೇಳಿ ಸಖ್ಯವನ್ನು ಮುರಿಯುವುದಾದರೋ ಅಪರಾಧ. ಅಲ್ಲಿ ನಾಚಬೇಕಾದವನು ಕೇಳಿದವನೇ ಹೊರತು ಕೇಳಿಸಿಕೊಂಡವನಲ್ಲ.

12ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರೂ ಬ್ರಾಹ್ಮಣಮೂಲದ ಮಧುವರಸರೂ ಬೀಗರಾಗಿ, ಅದಕ್ಕಾಗಿ ಪ್ರಾಣವನ್ನೇ ತೆತ್ತರು. ವಿಶ್ವವಿದ್ಯಾಲಯ ಅನುದಾನ ಆಯೋಗವು 2012ರಲ್ಲಿ ಕಾಲೇಜುಗಳ ಜಾತಿಭೇದವನ್ನು ತಡೆಯಲು ನಿಯಮಗಳನ್ನು ಮಾಡಿತು. ಆದರೆ ಆ ಪ್ರಶ್ನೆಯನ್ನು ಕೇಳಿದವನು ನಮ್ಮ ಮಗನೇ ಆಗಿದ್ದರೆ? ಅದನ್ನು ಅವನು ಕಲಿತುದು ನಮ್ಮ ಪಡಸಾಲೆಯಲ್ಲಿಯೇ. ಇಷ್ಟಲಿಂಗವನ್ನು ಧರಿಸಿದ ಎದೆಯಲ್ಲಿ ಆ ಪ್ರಶ್ನೆಗೆ ಎಡೆಯಿರಬಾರದು.